ಶೇಕಡಾ ಒಂದು ಸರಿ, ಎಷ್ಟರಲ್ಲಿ ಒಂದು?

ವಿಧಿವಿಜ್ಞಾನದ ಸಂಶೋಧನಾ ಪ್ರಬಂಧ ಕೈಗೆ ಸಿಕ್ಕರೆ ವಕೀಲರು, ತನಿಖಾಧಿಕಾರಿಗಳು, ವಿದ್ಯಾರ್ಥಿಗಳು ಎಲ್ಲರೂ ಮಾಡುವ ಕೆಲಸ ಒಂದೇ. ಸಾರಾಂಶ ಓದುತ್ತಾರೆ, ಅದರಲ್ಲಿರುವ ಶೇಕಡಾವಾರು ಅಂಕಿಗೆ ಗೆರೆ ಎಳೆಯುತ್ತಾರೆ, ಪ್ರಬಂಧ ಮುಚ್ಚಿಡುತ್ತಾರೆ. ‘ತಪ್ಪಿನ ಪ್ರಮಾಣ ಶೇ 1’ ಎಂದು ಕಂಡರೆ ‘ಈ ವಿಧಾನ ಶೇ 99 ಸರಿ’ ಎಂದು ಟಿಪ್ಪಣಿ ಸಿದ್ಧ. ಎಷ್ಟರಲ್ಲಿ ಒಂದು, ಯಾವುದನ್ನು ಲೆಕ್ಕಕ್ಕೆ ಹಿಡಿದು ಒಂದು ಎಂದು ಕೇಳಿದರೆ ಮೌನ. ಛೇದ ಗೊತ್ತಿಲ್ಲದ ಭಿನ್ನರಾಶಿಗೆ ಬೆಲೆ ಇಲ್ಲ ಎಂಬುದನ್ನು ಇವರೆಲ್ಲ ಶಾಲೆಯಲ್ಲೇ ಕಲಿತವರು.

ಒಂದೇ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅಮೆರಿಕದ ಏಮ್ಸ್ ಪ್ರಯೋಗಾಲಯ 2014ರಲ್ಲಿ ಒಂದು ತಾಂತ್ರಿಕ ವರದಿ ಹೊರತಂದಿತು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕಾರ್ಟ್ರಿಜ್ ಕೇಸುಗಳನ್ನು 218 ಪರೀಕ್ಷಕರಿಗೆ ಕೊಟ್ಟು, ಇವು ಒಂದೇ ಪಿಸ್ತೂಲಿನವೋ ಅಲ್ಲವೋ ಎಂದು ಕೇಳಿದ ಅಧ್ಯಯನ ಅದು. ಬೇರೆ ಬೇರೆ ಪಿಸ್ತೂಲಿನಿಂದ ಬಂದವು ಎಂದು ಸಂಶೋಧಕರಿಗೆ ಖಚಿತವಾಗಿ ಗೊತ್ತಿದ್ದ ಹೋಲಿಕೆಗಳು 2,178. ಅವುಗಳಲ್ಲಿ 1,421ಕ್ಕೆ ‘ಬೇರೆ’ ಎಂಬ ಸರಿ ಉತ್ತರ ಬಂತು. 22ಕ್ಕೆ ‘ಒಂದೇ’ ಎಂಬ ತಪ್ಪು ಉತ್ತರ. ಉಳಿದ 735ಕ್ಕೆ ‘ಹೇಳಲಾಗದು’.

ಈಗ ಭಾಗಿಸಿ. 22ನ್ನು 2,178ರಿಂದ ಭಾಗಿಸಿದರೆ ಶೇ 1.01. ‘ಹೇಳಲಾಗದು’ ಎಂದವನ್ನು ಹೊರಗಿಟ್ಟು, ಖಚಿತ ಉತ್ತರ ಕೊಟ್ಟ 1,443ರಿಂದ ಭಾಗಿಸಿದರೆ ಶೇ 1.52, ಅಂದರೆ 66ಕ್ಕೆ ಒಂದು. ಆ 735ನ್ನೂ ತಪ್ಪೆಂದೇ ಹಿಡಿಯುವವರ ಲೆಕ್ಕದಲ್ಲಿ ಶೇ 34ರ ಮೇಲೆ. ದತ್ತಾಂಶ ಅದೇ, ಕೋಷ್ಟಕ ಅದೇ, ಅಂಕಿ ಮಾತ್ರ ಮೂರು. ಮೊದಲನೆಯ ಲೆಕ್ಕ ‘ಹೇಳಲಾಗದು’ ಎಂದವರನ್ನು ತಪ್ಪು ಮಾಡದವರ ಸಾಲಿನಲ್ಲಿ ಕೂರಿಸುತ್ತದೆ. ಯಾವ ಪ್ರಶ್ನೆಗೂ ಉತ್ತರ ಬರೆಯದ ವಿದ್ಯಾರ್ಥಿ ಒಂದೂ ತಪ್ಪು ಮಾಡಿಲ್ಲ ಎಂದಂತೆ.

ಹಾಗಾದರೆ ‘ಹೇಳಲಾಗದು’ ಎಂಬುದು ತಪ್ಪು ಉತ್ತರವೇ? ಇದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಗುರುತು ಸರಿಯಾಗಿ ಮೂಡದ ಕೇಸಿನ ಬಗ್ಗೆ ಹಾಗೆ ಹೇಳುವುದು ಪ್ರಾಮಾಣಿಕತೆಯೇ. ಆದರೆ ಇದೇ ಅಧ್ಯಯನದಲ್ಲಿ, ಒಂದೇ ಪಿಸ್ತೂಲಿನಿಂದ ಬಂದ 1,090 ಹೋಲಿಕೆಗಳಲ್ಲಿ ‘ಹೇಳಲಾಗದು’ ಎಂದದ್ದು ಬರೀ 11. ಒಂದು ಕಡೆ ನೂರಕ್ಕೆ ಒಂದು, ಇನ್ನೊಂದು ಕಡೆ ನೂರಕ್ಕೆ ಮೂವತ್ತನಾಲ್ಕು. ಗುರುತು ಮಾಸಿದ್ದೊಂದೇ ಕಾರಣವಾಗಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಇರಬೇಕಿತ್ತು. ಕೆಲವು ಪ್ರಯೋಗಾಲಯಗಳಲ್ಲಿ ಆಯುಧದ ಮಾದರಿಯ ಲಕ್ಷಣಗಳು ಹೊಂದಿದರೆ, ಸೂಕ್ಷ್ಮ ಗೆರೆಗಳ ವ್ಯತ್ಯಾಸವನ್ನಷ್ಟೇ ನೋಡಿ ‘ಬೇರೆ’ ಎನ್ನುವಂತಿಲ್ಲ ಎಂಬ ನಿಯಮವಿದೆ. ಇಂಥದ್ದನ್ನು ಸಾರಾಂಶದಲ್ಲಿ ಹುಡುಕಬೇಡಿ, ಸಿಗುವುದು ವಿಧಾನದ ಭಾಗದಲ್ಲಿ. ನ್ಯಾಯಾಲಯದ ಮುಂದೆ ಇರುವುದು ‘ಹೊಂದಿದೆ’ ಎಂಬ ಖಚಿತ ವರದಿಯಾದರೆ, ಕನಿಷ್ಠ ಖಚಿತ ಉತ್ತರಗಳ ಮೇಲಿನ ಲೆಕ್ಕವನ್ನಾದರೂ ಹೇಳಬೇಕು ಎಂಬುದು ನನ್ನ ನಿಲುವು.

ಇನ್ನೂ ಒಂದು ಮಾತು. ಆ 22 ತಪ್ಪುಗಳಲ್ಲಿ 20ನ್ನು ಮಾಡಿದವರು ಐದೇ ಪರೀಕ್ಷಕರು. ಹಾಗಾಗಿ ಆ ಸರಾಸರಿ ನಿಮ್ಮ ಮೊಕದ್ದಮೆಯ ಪರೀಕ್ಷಕರ ಅಂಕಿ ಅಲ್ಲ. ಅವರು ಅದಕ್ಕಿಂತ ಎಷ್ಟೋ ಉತ್ತಮರಿರಬಹುದು, ಕೆಟ್ಟವರೂ ಇರಬಹುದು.

‘ಒಂದೂ ತಪ್ಪಾಗಿಲ್ಲ’ ಎನ್ನುವ ಪ್ರಬಂಧಗಳದ್ದು ಬೇರೆಯೇ ತೊಂದರೆ. ಸೊನ್ನೆ ತಪ್ಪು ಅಂದರೆ ತಪ್ಪಿನ ಸಾಧ್ಯತೆ ಸೊನ್ನೆ ಎಂದಲ್ಲ. ಮೂರನ್ನು ಹೋಲಿಕೆಗಳ ಸಂಖ್ಯೆಯಿಂದ ಭಾಗಿಸಿ. ಶೇ 95ರ ಭರವಸೆಯಲ್ಲಿ ನಿಜವಾದ ತಪ್ಪಿನ ಪ್ರಮಾಣದ ಮೇಲ್ಮಿತಿ ಹೆಚ್ಚುಕಡಿಮೆ ಅಷ್ಟು. 30 ಹೋಲಿಕೆಯಲ್ಲಿ ಸೊನ್ನೆ ಬಂದರೆ ಅದು ಶೇ 10ರವರೆಗೂ ಇರಬಹುದು, 300ರಲ್ಲಿ ಸೊನ್ನೆ ಬಂದರೆ ಶೇ 1ರವರೆಗೆ. ಇದು ಬಿಡಿ ಬಿಡಿಯಾದ ಹೋಲಿಕೆಗಳಿಗೆ ಮಾತ್ರ ಹೊಂದುವ ಲೆಕ್ಕ. ಒಂದರ ಹಿಂದೊಂದು ಕೊರೆದ ಹತ್ತು ನಳಿಗೆಗಳ ಗುಂಡುಗಳನ್ನು ಕೊಟ್ಟು, ಮೂಲ ತಿಳಿಯದ 15 ಗುಂಡುಗಳನ್ನು ಅವಕ್ಕೆ ಜೋಡಿಸಿ ಎನ್ನುವ ಪ್ರಸಿದ್ಧ ಪ್ರಯೋಗ ಇದಕ್ಕೆ ಹೊಂದುವುದಿಲ್ಲ. ಅದು ‘ಹೊಂದಿಸಿ ಬರೆಯಿರಿ’ ಪ್ರಶ್ನೆ. ಪ್ರತಿ ಗುಂಡಿಗೂ ಜೋಡಿ ಅಲ್ಲೇ ಇದೆ, ಒಂದು ಗೊತ್ತಾದರೆ ಉಳಿದವು ಸುಲಭ. ಅಪರಾಧ ನಡೆದ ಸ್ಥಳದಲ್ಲಿ ಸಿಕ್ಕ ಗುಂಡಿಗೆ ನೀವು ಹಿಡಿದಿರುವ ಹತ್ತರಲ್ಲಿ ಜೋಡಿ ಇರಲೇಬೇಕೆಂಬ ಕಟ್ಟಳೆ ಇಲ್ಲ.

ಅಚ್ಚಿಗೆ ಮೊದಲು ಬೇರೆ ತಜ್ಞರು ಪ್ರಬಂಧವನ್ನು ಪರಿಶೀಲಿಸುವ ಪಿಯರ್ ರಿವ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜರ್ನಲ್‌ಗಳಲ್ಲಿ ಅಚ್ಚಾದ ಇಂಥ ಹೊಂದಿಸಿ ಬರೆಯುವ ಪ್ರಯೋಗಗಳನ್ನು ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲಿ ಸಾಲದು ಎಂದಿತು. ಅದೇ ಮಂಡಳಿ ಸರಿಯಾದ ವಿನ್ಯಾಸದ್ದು ಎಂದು ಒಪ್ಪಿದ್ದು, ಆಗಿನ್ನೂ ಯಾವ ಜರ್ನಲ್‌ನಲ್ಲೂ ಬಂದಿರದ ಏಮ್ಸ್ ವರದಿಯನ್ನು; ಜೊತೆಗೆ, ಪ್ರಕಟವಾಗಿಲ್ಲ ಎಂಬುದನ್ನು ಕೊರತೆಯೆಂದೂ ಬರೆಯಿತು. ಎರಡನ್ನೂ ಒಟ್ಟಿಗೆ ಹೇಳುವುದೇ ಸರಿಯಾದ ಓದು. ವಿಮರ್ಶಕರು ನೋಡುವುದು ಪ್ರಬಂಧದೊಳಗೆ ಬರೆದದ್ದನ್ನು. ಅದನ್ನು ಹಿಡಿದುಕೊಂಡು ಸಾಕ್ಷಿಕಟ್ಟೆಯಲ್ಲಿ ನೀವು ಎಷ್ಟು ದೂರ ಎಳೆಯುತ್ತೀರಿ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಗುಂಡಿನ ಸೀಸದ ವಿಶ್ಲೇಷಣೆಯಲ್ಲಿ, ಅಂದರೆ ಸೀಸದಲ್ಲಿ ಬೆರೆತ ಬೇರೆ ಧಾತುಗಳನ್ನು ಅಳೆದು ಎರಡು ಗುಂಡುಗಳನ್ನು ಹೋಲಿಸುವ ಪರೀಕ್ಷೆಯಲ್ಲಿ, ರಸಾಯನಶಾಸ್ತ್ರದ ಅಳತೆ ಸರಿಯಾಗಿಯೇ ಇತ್ತು. ‘ಆದ್ದರಿಂದ ಎರಡೂ ಒಂದೇ ಪೆಟ್ಟಿಗೆಯವು’ ಎಂಬ ಮುಂದಿನ ಜಿಗಿತಕ್ಕೆ ಆಧಾರವಿರಲಿಲ್ಲ. ಎಫ್‌ಬಿಐ 2005ರಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸಿತು.

ಆದ್ದರಿಂದ ಮೊದಲು ವಿಧಾನದ ಭಾಗ ಓದಿ, ಆಮೇಲೆ ಕೋಷ್ಟಕ, ಸಾರಾಂಶ ಕೊನೆಗೆ. ಮಾದರಿಗಳ ನಿಜವಾದ ಮೂಲ ಸಂಶೋಧಕರಿಗೆ ಮೊದಲೇ ಗೊತ್ತಿತ್ತೇ? ಹಳೆಯ ಪೊಲೀಸ್ ಪ್ರಕರಣಗಳ ಮಾದರಿ ಬಳಸಿದ್ದರೆ, ‘ಸರಿ ಉತ್ತರ’ವೂ ಇನ್ನೊಬ್ಬ ಪರೀಕ್ಷಕನ ಅಭಿಪ್ರಾಯವೇ ಆಗಿರಬಹುದು. ಪರೀಕ್ಷಕರು ತಾವಾಗಿ ಬಂದವರೋ, ಎಷ್ಟು ಜನ ಅರ್ಧದಲ್ಲೇ ಬಿಟ್ಟರೋ ನೋಡಿ. ಕೋಷ್ಟಕದಲ್ಲಿ ಶೇಕಡಾವಾರು ಮಾತ್ರ ಇದ್ದು ಎಣಿಕೆ ಇಲ್ಲದಿದ್ದರೆ ಪೂರಕ ಕಡತ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ ಲೇಖಕರಿಗೆ ಪತ್ರ ಬರೆಯಿರಿ. ಪ್ರಬಂಧಕ್ಕೆ ತಿದ್ದುಪಡಿ ಬಂದಿದೆಯೇ, ಅದನ್ನು ಹಿಂದಕ್ಕೆ ಪಡೆದಿದ್ದಾರೆಯೇ ಎಂಬುದನ್ನು ಉಲ್ಲೇಖಿಸುವ ದಿನವೇ ಜರ್ನಲ್‌ನ ಪುಟದಲ್ಲಿ ನೋಡಿಕೊಳ್ಳಿ.

ಬರೆಯುವಾಗ ಶೇಕಡಾವಾರು ಒಂದನ್ನೇ ಬರೆಯಬೇಡಿ. ಅಮೆರಿಕದಲ್ಲಿ ನಡೆದ 2011ರ ಬೆರಳಚ್ಚು ಅಧ್ಯಯನವನ್ನು ಉಲ್ಲೇಖಿಸುವವರೆಲ್ಲ ಸುಳ್ಳು ಹೊಂದಿಕೆ (ಬೇರೆ ಬೆರಳಿನ ಗುರುತನ್ನು ಒಂದೇ ಎನ್ನುವ ತಪ್ಪು) ಶೇ 0.1 ಎಂದು ಬರೆದು ಮುಗಿಸುತ್ತಾರೆ. ಹೀಗೆ ಬರೆಯಬಹುದು: ‘169 ಪರೀಕ್ಷಕರು, ಬೇರೆ ಬೆರಳುಗಳ ಗುರುತುಗಳ ಮೇಲೆ ಕೊಟ್ಟ ಖಚಿತ ಉತ್ತರ 3,628, ಅದರಲ್ಲಿ ಸುಳ್ಳು ಹೊಂದಿಕೆ 6, ಒಂದೇ ಬೆರಳಿನ ಗುರುತನ್ನು ಬೇರೆ ಎಂದ ತಪ್ಪು ಶೇ 7.5.’ ಆ ಕೊನೆಯ ತಪ್ಪನ್ನು ಒಮ್ಮೆಯಾದರೂ ಮಾಡಿದವರು ಶೇ 85 ಪರೀಕ್ಷಕರು. ಅದೂ ಅದೇ ಸಾರಾಂಶದಲ್ಲೇ ಇದೆ. ಗೆರೆ ಎಳೆದವರು ಅಲ್ಲಿಯವರೆಗೆ ಓದುವುದಿಲ್ಲ, ಅಷ್ಟೇ.