ಮೂರ್ಛೆರೋಗದ ಸಾಲಿನಲ್ಲಿ ನಿಂತ ಅರೆತಲೆನೋವು

ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತದ ಬಳಿ ಕಾಯಿಲೆಗಳದೊಂದು ಪಟ್ಟಿಯಿದೆ. ಬಳಕೆಯ ಮಾತಿನಲ್ಲಿ ಅದು ‘ನೀಲಿ ಪುಸ್ತಕ’. ಯಾವ ಕಾಯಿಲೆ ಎಷ್ಟು ಉಲ್ಬಣಿಸಿದರೆ ಅಂಗವೈಕಲ್ಯ ಭತ್ಯೆ ಸಿಗುತ್ತದೆ ಎಂಬ ಲೆಕ್ಕ ಅದರಲ್ಲಿದೆ. ಮೂರ್ಛೆರೋಗ ಇದೆ, ಪಾರ್ಕಿನ್ಸನ್ ಇದೆ. ಮೈಗ್ರೇನ್ ಎಂಬ ಅರೆತಲೆನೋವು ಇಲ್ಲ. ಅರ್ಧ ತಿಂಗಳನ್ನು ಕತ್ತಲೆ ಕೋಣೆಯಲ್ಲಿ ಕಳೆಯುವವರು ಅರ್ಜಿ ಹಾಕಲು ಹೊರಟಾಗ ಮೊದಲು ಎಡವುವುದು ಇಲ್ಲಿಯೇ.

ದುಡಿಯಲಾಗದವರಿಗೆ ವಿಮೆಯ ಹಣ ಕೊಡುವ ಕಾನೂನಿಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1956ರಲ್ಲಿ. ಆಗ ಅದು 50 ತುಂಬಿದವರಿಗೆ ಮಾತ್ರ. 1960ರಲ್ಲಿ ಆ ವಯಸ್ಸಿನ ಮಿತಿ ಹೋಯಿತು. ಮೈಗ್ರೇನ್ ಇರುವವರಿಗೆ ಮುಳುವಾದದ್ದು 1967ರ ತಿದ್ದುಪಡಿ. ದೇಹದ ಅಥವಾ ಮನಸ್ಸಿನ ದೋಷವನ್ನು ವೈದ್ಯಶಾಸ್ತ್ರ ಒಪ್ಪುವ ತಪಾಸಣೆಗಳಿಂದ ತೋರಿಸಲೇಬೇಕು ಎಂದು ಅದು ವಿಧಿಸಿತು. ನೋವಿನ ಬಗ್ಗೆ ಅರ್ಜಿದಾರರು ಹೇಳುವ ಮಾತೊಂದೇ ಸಾಲದು ಎಂದು 1984ರ ಕಾನೂನು ಇನ್ನಷ್ಟು ಬಿಡಿಸಿ ಹೇಳಿತು. ಕಳ್ಳ ಅರ್ಜಿಗಳನ್ನು ತಡೆಯಬೇಕೆಂಬುದು ಸರಿಯೇ. ಆದರೆ ಮೈಗ್ರೇನ್ ಇರುವವರ ಎಂಆರ್‌ಐ ಸಾಮಾನ್ಯವಾಗಿ ಯಾವ ದೋಷವನ್ನೂ ತೋರಿಸುವುದಿಲ್ಲ.

ವೈದ್ಯರಲ್ಲೇ ಒಮ್ಮತ ಮೂಡಲು ಕಾಲ ಹಿಡಿಯಿತು. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ ಮೊದಲು ಬಂದದ್ದು 1988ರಲ್ಲಿ. ದೀರ್ಘಕಾಲೀನ ಮೈಗ್ರೇನ್ ಅದರೊಳಗೆ ಸೇರಿದ್ದು 2004ರ ಎರಡನೆಯ ಆವೃತ್ತಿಯಲ್ಲಿ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ: ಇದು ಇಂದಿನ ಅಳತೆ.

2019ರ ಆಗಸ್ಟ್‌ನಲ್ಲಿ ಸಾಮಾಜಿಕ ಭದ್ರತಾ ಆಡಳಿತವು 19-4ಪಿ ಎಂಬ ಆದೇಶ ಹೊರಡಿಸಿತು. ಮೈಗ್ರೇನ್‌ಗೆ ಪಟ್ಟಿಯಲ್ಲಿ ಜಾಗ ಕೊಡಲಿಲ್ಲ. ಬದಲಿಗೆ ಮೂರ್ಛೆರೋಗದ 11.02ನೇ ಕಲಮಿನ ತಕ್ಕಡಿಯಲ್ಲಿ ಅದನ್ನು ತೂಗಬಹುದು ಎಂದಿತು. ಮೊದಲೂ ಇಂಥ ಹೋಲಿಕೆ ನಡೆಯುತ್ತಿತ್ತು. ಈಗ ಅದು ಎಲ್ಲರೂ ಓದಬಹುದಾದ ಆದೇಶವಾಯಿತು. ಚಿಕಿತ್ಸೆಯನ್ನು ತಪ್ಪದೆ ಪಾಲಿಸಿಯೂ ಸತತ ಮೂರು ತಿಂಗಳು ವಾರಕ್ಕೊಮ್ಮೆ ಮೂರ್ಛೆ ಮರುಕಳಿಸುವ ಸ್ಥಿತಿಗೆ ಈ ತಲೆನೋವು ಸಮನೇ ಎಂಬುದು ಅಲ್ಲಿನ ಒಂದು ಪ್ರಶ್ನೆ. ಎರವಲು ತಂದ ಅಂಗಿ, ಮೈಗೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಮೂರ್ಛೆ ಬಂದು ಹೋಗುತ್ತದೆ. ಮೈಗ್ರೇನ್ ಒಮ್ಮೆ ಹಿಡಿದರೆ ಮೂರು ದಿನ ಬಿಡದಿರಬಹುದು.

‘ಮೈಗ್ರೇನ್ ಇದೆ’ ಎಂಬ ವೈದ್ಯರ ಚೀಟಿ ಮಾತ್ರ ಸಾಲದೆಂದೂ ಆ ಆದೇಶ ಹೇಳುತ್ತದೆ. ತಲೆನೋವು ಬಂದಾಗ ಏನಾಗುತ್ತದೆ, ಯಾವ ಔಷಧಿಗೆ ಎಷ್ಟು ಜಗ್ಗುತ್ತದೆ, ಬೇರೆ ಕಾರಣಗಳಿಲ್ಲವೆಂದು ಹೇಗೆ ಖಚಿತವಾಯಿತು, ಇಷ್ಟೂ ಕಡತದಲ್ಲಿರಬೇಕು. ತೊಡಕು ಏನೆಂದರೆ, ರೋಗಿ ವೈದ್ಯರ ಬಳಿ ಹೋಗುವುದು ಎದ್ದು ಓಡಾಡಲು ಆಗುವ ದಿನ. ಕಡತದಲ್ಲಿ ಉಳಿಯುವುದೂ ಆ ದಿನದ ಮುಖವೇ. ಹಾಗಾಗಿ ದಿನಚರಿ ಬರೆಯಿರಿ ಎನ್ನುತ್ತಾರೆ ಅನುಭವಿಗಳು: ‘ಬೆಳಿಗ್ಗೆ 6, ಎಡಗಣ್ಣಿನ ಹಿಂದೆ ಶುರು. 7ಕ್ಕೆ ಮಾತ್ರೆ. 8ಕ್ಕೆ ವಾಂತಿ. ಪರದೆ ಎಳೆದು ಮಲಗಿದೆ. ಸಂಜೆ 5ಕ್ಕೆ ಎದ್ದೆ. ಕೆಲಸಕ್ಕೆ ಹೋಗಲಿಲ್ಲ.’ ಅದನ್ನು ವೈದ್ಯರಿಗೂ ತೋರಿಸಿ ಕಡತಕ್ಕೆ ಸೇರಿಸಿದರೆ ಬೆಲೆ ಹೆಚ್ಚು.

11.02ಕ್ಕೆ ಸಮನಲ್ಲವೆಂದಾದರೂ ಬಾಗಿಲು ಮುಚ್ಚುವುದಿಲ್ಲ. ಅಳಿದುಳಿದ ಶಕ್ತಿಯಲ್ಲಿ ಯಾವ ಕೆಲಸ ಸಾಧ್ಯ ಎಂಬುದನ್ನು ಆಮೇಲೆ ತೂಗುತ್ತಾರೆ. ಅರ್ಜಿ ತಿರಸ್ಕೃತವಾಗಿ ಮೇಲ್ಮನವಿಯ ವಿಚಾರಣೆಗೆ ಹೋದರೆ, ನ್ಯಾಯಾಧೀಶರ ಮುಂದೆ ಉದ್ಯೋಗ ತಜ್ಞರೊಬ್ಬರು ಕೂತಿರುವುದುಂಟು. ತಿಂಗಳಿಗೆ ಇಷ್ಟು ದಿನ ಗೈರಾಗುವವರನ್ನು ಯಾರಾದರೂ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ಅವರನ್ನು ಕೇಳಲಾಗುತ್ತದೆ. ‘ಇಷ್ಟು’ ಎಂದರೆ ಎಷ್ಟು ಎಂಬುದಕ್ಕೆ ಆಗ ತೆರೆಯುವುದು ಆ ದಿನಚರಿಯನ್ನೇ.