ಪೆರಿಯೊಡಾಂಟೈಟಿಸ್: ವಸಡಿನ ಕಾಯಿಲೆಗೂ ತೂಕಕ್ಕೂ ಊಟಕ್ಕೂ ಇರುವ ನಂಟು

ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡು, ನಾರುಗಳು ಮತ್ತು ದವಡೆಯ ಮೂಳೆ ಉರಿಯೂತದಿಂದ ನಿಧಾನವಾಗಿ ನಾಶವಾಗುವ ಕಾಯಿಲೆಯೇ ಪೆರಿಯೊಡಾಂಟೈಟಿಸ್. ಇದಕ್ಕೆ ಮುಂಚಿನ ಹಂತವಾದ ಜಿಂಜಿವೈಟಿಸ್‌ನಲ್ಲಿ ವಸಡು ಕೆಂಪಾಗಿ ಊದಿಕೊಂಡು, ಬ್ರಷ್ ತಾಗಿದರೆ ರಕ್ತ ಒಸರುತ್ತದೆ. ಹಲ್ಲಿಗೆ ಅಂಟಿದ ಸೂಕ್ಷ್ಮಾಣುಗಳ ಪದರವನ್ನು ತೆಗೆದರೆ ಅದು ಪೂರ್ತಿ ವಾಸಿಯಾಗುತ್ತದೆ. ಮೂಳೆ ಕರಗತೊಡಗಿದ ಮೇಲೆ ರೋಗವನ್ನು ತಡೆದು ನಿಲ್ಲಿಸಬಹುದೇ ಹೊರತು ಕಳೆದುಕೊಂಡದ್ದು ಬಹುಮಟ್ಟಿಗೆ ಮರಳುವುದಿಲ್ಲ.

ತೂಕದ ಮಾತು ಬರುವುದು ಉರಿಯೂತದ ಮೂಲಕ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕೂಡಿಟ್ಟ ದಾಸ್ತಾನಲ್ಲ. ಅದು ಇಂಟರ್‌ಲ್ಯೂಕಿನ್-6ರಂಥ ಉರಿಯೂತಕಾರಕ ವಸ್ತುಗಳನ್ನು ಸದಾ ರಕ್ತಕ್ಕೆ ಬಿಡುತ್ತಿರುತ್ತದೆ. ಹೀಗೆ ಮೊದಲೇ ಕೆರಳಿರುವ ದೇಹವು ವಸಡಿನ ಸೂಕ್ಷ್ಮಾಣುಗಳಿಗೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ, ಮತ್ತು ಮೂಳೆಯನ್ನು ಕರಗಿಸುವುದು ಮುಖ್ಯವಾಗಿ ಈ ಪ್ರತಿಕ್ರಿಯೆಯೇ. ಬೊಜ್ಜಿನ ಜೊತೆಗೆ ಸಕ್ಕರೆ ಕಾಯಿಲೆಯೂ ಬಂದರೆ ಹಾನಿ ಹೆಚ್ಚುತ್ತದೆ. 2018ರಲ್ಲಿ ಪ್ರಕಟವಾದ ವಸಡಿನ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣವು ರೋಗದ ವೇಗವನ್ನು ಅಳೆಯುವಾಗ ಸಕ್ಕರೆ ಕಾಯಿಲೆ, ಧೂಮಪಾನಗಳೆರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಊಟದ ವಿಚಾರದಲ್ಲಿ ರಾಯಚೂರು, ಕೊಪ್ಪಳದ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಸಿಂಧನೂರುಗಳು ಭತ್ತದ ಸೀಮೆಯಾಗಿವೆ. ಹಾಗಾಗಿ ಜೋಳದ ಊಟವನ್ನೂ ಅನ್ನದ ಊಟವನ್ನೂ ಅಲ್ಲಿ ಹೋಲಿಸಿ ನೋಡಬಹುದು. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಇರುವ ಊಟದಲ್ಲಿ ನಾರಿನಂಶ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಯ ಅನ್ನವೇ ತಟ್ಟೆ ತುಂಬಿದರೆ, ಅದರ ಜೊತೆಗೆ ದಿನಕ್ಕೆ ಹಲವು ಸಲ ಸಕ್ಕರೆ ಚಹಾವೂ ಸೇರಿದರೆ, ತೂಕಕ್ಕೂ ವಸಡಿಗೂ ಒಳ್ಳೆಯದಲ್ಲ. ಆದರೆ ಕಡಕ್ ರೊಟ್ಟಿ ಅಗಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ, ಏಕೆಂದರೆ ವಸಡಿನ ಅಂಚಿನಲ್ಲಿ ಕೂತ ಪದರಕ್ಕೆ ಅಗಿಯುವ ತಿಕ್ಕಾಟ ಸರಿಯಾಗಿ ತಾಗುವುದೇ ಇಲ್ಲ.

ಈ ನಂಟು ಹಿಮ್ಮುಖವಾಗಿಯೂ ಹರಿಯುತ್ತದೆಂಬುದನ್ನು ಹಲವರು ಗಮನಿಸುವುದಿಲ್ಲ. ಹಲ್ಲು ಅಲುಗಾಡತೊಡಗಿದವರು ಮೊದಲು ಬಿಡುವುದು ರೊಟ್ಟಿ, ಹುರಿದ ಶೇಂಗಾ, ಹಸಿ ತರಕಾರಿಗಳನ್ನು. ಹಿಡಿಯುವುದು ಮೆತ್ತನೆಯ ಅನ್ನ, ಉಪ್ಪಿಟ್ಟು, ಬ್ರೆಡ್ಡನ್ನು.

ತೆಳ್ಳಗಿರುವವರಿಗೂ ಈ ರೋಗ ಬರುತ್ತದೆ, ಮತ್ತು ತೂಕ ಇಳಿಸಿದ ಮಾತ್ರಕ್ಕೆ ಹಲ್ಲಿಗೆ ಗಟ್ಟಿಯಾಗಿ ಕಚ್ಚಿದ ಕಿಟ್ಟ ಉದುರುವುದಿಲ್ಲ. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆ ಕಾಣಿಸುವುದರಿಂದ, ಅವರು ರಕ್ತ ಬರಲಿ ಎಂದು ಕಾಯದೆ ತಪಾಸಣೆ ಮಾಡಿಸಿಕೊಳ್ಳಬೇಕಾಗುತ್ತದೆ.