ಮುಚ್ಚಿದ ಕಿಟಕಿಗಳ ಚರ್ಚು

ಹಳೆಯ ಕಟ್ಟಡ ನೋಡಲು ಕರೆದರೆ ನಾನು ಒಳಗೆ ಕಾಲಿಡುವ ಮೊದಲು ಹೊರಗೋಡೆಗೆ ಒಂದು ಸುತ್ತು ಬರುತ್ತೇನೆ. ಕಲ್ಲಿನ ವರಸೆ ಎಲ್ಲಿ ತಪ್ಪಿದೆ, ಯಾವ ಕಿಂಡಿಯನ್ನು ಆಮೇಲೆ ಮುಚ್ಚಿದ್ದಾರೆ ಎಂಬುದರಲ್ಲೇ ಅದರ ಅರ್ಧ ಚರಿತ್ರೆ ಇರುತ್ತದೆ. ಈ ಅಭ್ಯಾಸಕ್ಕೆ ಪ್ಯಾರಿಸ್ಸಿನ ಪ್ಯಾಂಥಿಯಾನ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅಷ್ಟೆತ್ತರದ ಪಕ್ಕದ ಗೋಡೆಗಳು ಬರಿದೋ ಬರಿದು. ದಿಟ್ಟಿಸಿದರೆ ಮಾತ್ರ ಮುಚ್ಚಿದ ಕಿಟಕಿಗಳ ಗುರುತು ಕಾಣುತ್ತದೆ.

1744ರಲ್ಲಿ ಕಾಯಿಲೆ ಬಿದ್ದ ಫ್ರಾನ್ಸಿನ ದೊರೆ ಹದಿನೈದನೇ ಲೂಯಿ, ಗುಣವಾದರೆ ನಗರದ ರಕ್ಷಕಿ ಸಂತ ಜೆನೆವೀವ್‌ಗೆ ಹೊಸ ಚರ್ಚು ಕಟ್ಟಿಸುವುದಾಗಿ ಹರಕೆ ಹೊತ್ತ. ಆ ಚರ್ಚೇ ಈ ಕಟ್ಟಡ. 1758ರಲ್ಲಿ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಸೂಫ್ಲೋಗೆ ಗ್ರೀಕ್ ಕಂಬಸಾಲಿನ ಠೀವಿಯೂ ಬೇಕು, ಮಧ್ಯಯುಗದ ಗೋಥಿಕ್ ಚರ್ಚುಗಳ ಹಗುರತನವೂ ಬೇಕು. ಅದಕ್ಕೇ ಆ ದೊಡ್ಡ ಕಿಟಕಿಗಳು. ಗುಮ್ಮಟದ ಭಾರ ಹೊರುವ ಕಂಬಗಳನ್ನೂ ಅವರು ಸಪೂರವಾಗಿ ಇಟ್ಟರು. ಕಂಬಗಳು ಬಿರುಕು ಬಿಟ್ಟವು. ಮುಂದೆ ಅವರ ಶಿಷ್ಯ ರೋಂದೆಲೆ ಅವನ್ನು ದಪ್ಪ ಮಾಡಿ ಗುಮ್ಮಟ ಉಳಿಸಿದರು. ಕಲ್ಲುಗಳನ್ನು ಬಿಗಿಯಲು ಒಳಗೆ ಹುದುಗಿಸಿದ ಕಬ್ಬಿಣದ್ದು ಇನ್ನೊಂದು ಕಾಟ. ನೀರಿಳಿದರೆ ತುಕ್ಕು, ತುಕ್ಕು ಉಬ್ಬಿದರೆ ಕಲ್ಲು ಸೀಳು. ಕಳೆದ ಶತಮಾನದ ಕೊನೆಗೂ ಚಾವಣಿಯಿಂದ ಚೂರುಗಳು ಉದುರಿದ್ದುಂಟು.

ಕಟ್ಟಡ ಮುಗಿದದ್ದು 1790ರಲ್ಲಿ, ಫ್ರೆಂಚ್ ಕ್ರಾಂತಿಯ ನಡುವೆ. ಮರುವರ್ಷವೇ ಅದು ಪ್ಯಾಂಥಿಯಾನ್ ಎಂಬ ಹೆಸರಿನಲ್ಲಿ ರಾಷ್ಟ್ರದ ಮಹನೀಯರ ಸಮಾಧಿಮಂದಿರವಾಯಿತು. ಸಮಾಧಿಗೆ ಅಷ್ಟು ಬೆಳಕು ಒಪ್ಪದೆಂದು ಕಿಟಕಿಗಳನ್ನು ಕಲ್ಲಿಟ್ಟು ಮುಚ್ಚಿಸಿದರು. 1806ರಲ್ಲಿ ನೆಪೋಲಿಯನ್ ಮೇಲಿನ ಭಾಗವನ್ನು ಪೂಜೆಗೆ ಹಿಂದಿರುಗಿಸಿದ. ನೆಲಮಾಳಿಗೆಯಲ್ಲಿ ಮಾತ್ರ ಗಣ್ಯರ ಸಮಾಧಿಗಳು ಮುಂದುವರಿದವು. 1830ರಲ್ಲಿ ಮತ್ತೆ ಪ್ಯಾಂಥಿಯಾನ್. 1851ರ ಮಾರ್ಚಿನಲ್ಲಿ ಭೌತವಿಜ್ಞಾನಿ ಫೂಕೊ ಅದೇ ಗುಮ್ಮಟದಿಂದ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟು, ಭೂಮಿ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದರು. ಡಿಸೆಂಬರಿನಲ್ಲಿ ಅಧಿಕಾರ ಬದಲಾಯಿತು, ಕಟ್ಟಡ ಮತ್ತೆ ಚರ್ಚಾಯಿತು, ಲೋಲಕಕ್ಕೆ ಜಾಗವಿಲ್ಲವಾಯಿತು. ಕೊನೆಗೆ 1885ರಲ್ಲಿ ಸಾಹಿತಿ ವಿಕ್ಟರ್ ಹ್ಯೂಗೊ ಅಂತ್ಯಸಂಸ್ಕಾರದೊಂದಿಗೆ ಪೂಜೆ ಶಾಶ್ವತವಾಗಿ ನಿಂತಿತು. ಗುಮ್ಮಟದ ತುದಿಯ ಶಿಲುಬೆ ಮಾತ್ರ ಇಂದಿಗೂ ಇದೆ!

ಸೂಫ್ಲೋ ಬಯಸಿದ ಬೆಳಕಿಗಾಗಿ ಕಿಟಕಿಗಳನ್ನು ಮತ್ತೆ ತೆರೆಯಬಾರದೇ? ಮೂಲ ರೂಪಕ್ಕೆ ತರುವುದೇ ಸಂರಕ್ಷಣೆ ಎಂದು ನಂಬಿದ್ದ ದಿನಗಳಲ್ಲಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಆದರೆ ಕಟ್ಟಡ ಚರ್ಚಾಗಿದ್ದ 1870ರ ದಶಕದಲ್ಲಿ, ಮುಚ್ಚಿದ ಆ ಗೋಡೆಗಳ ಒಳಮೈ ಮೇಲೆ ಚಿತ್ರಕಾರ ಪ್ಯೂವಿ ದ ಶಾವಾನ್ ಸಂತ ಜೆನೆವೀವ್‌ಳ ಬಾಲ್ಯದ ಚಿತ್ರಗಳನ್ನು ಬಿಡಿಸಿದರು. ಹರಕೆಯ ಸಂತಳಿಗೆ ತನ್ನ ಮನೆಯಲ್ಲಿ ಉಳಿದಿರುವ ಜಾಗವೆಂದರೆ ಕ್ರಾಂತಿಕಾರರು ಮುಚ್ಚಿಸಿದ ಆ ಗೋಡೆಗಳು. ಅಲ್ಲಿ ಉಳಿ ಇಡಲು ನನ್ನ ಕೈ ಏಳದು.